ಗಿಟಾರ್ ಬೇಡ ಅನ್ನುವವರು ಮೊದಲು ಹಾರ್ಮೋನಿಯಂ ಕೆಳಗಿಡಲಿ

ರಘು ದೀಕ್ಷಿತ್ ಶರೀಫರ ತತ್ವಪದ ಕೆಡಿಸಿದರು ಎಂಬ ದೂರು ನಮ್ಮ ಸಂತೇಬೆನ್ನೂರಿನ ಕಡೆ ಇನ್ನೂ ನಿಂತಿಲ್ಲ. ಗಿಟಾರ್, ಡ್ರಮ್ಸ್ ಬಂದರೆ ಪದದ ಮರ್ಯಾದೆ ಹೋಯಿತಂತೆ.

ಸ್ವಾಮಿ, ನಿಮ್ಮ ಭಜನಾ ಮಂಡಳಿಯ ಹಾರ್ಮೋನಿಯಂ ಎಲ್ಲಿಂದ ಬಂತು? ಯುರೋಪಿನಿಂದ. ನಮ್ಮ ಸಂಗೀತಕ್ಕೆ ಅದು ಒಗ್ಗುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. ಮೂರು ದಶಕ ಆ ನಿಷೇಧ ನಡೆಯಿತು. ಇವತ್ತು ಆ ಪೆಟ್ಟಿಗೆ ಇಲ್ಲದೆ ಭಜನೆಯೇ ಶುರುವಾಗುವುದಿಲ್ಲ. ಸಿ. ಅಶ್ವತ್ಥ್ ಶರೀಫರನ್ನು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ತಂದಾಗಲೂ ಹೊಸ ರಾಗ, ಹೊಸ ವಾದ್ಯ ಇದ್ದವು. ಆಗ ಕೆಡದ ಪದ ಈಗ ಹೇಗೆ ಕೆಡುತ್ತದೆ?

ರಘು ಮಾಡಿದ್ದೇನು ನೋಡಿ. ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತವರು. 'ಅಂತರಾಗ್ನಿ' ತಂಡ ಒಡೆದ ಮೇಲೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಕಟ್ಟಿದರು. ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದರ ಹಿಂದೆ ಸಿನಿಮಾ ಇಲ್ಲ, ಹೀರೋ ಇಲ್ಲ. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶರೀಫರ 'ಗುಡುಗುಡಿಯ ಸೇದಿ ನೋಡೋ' ಇತ್ತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಹಾಡಿದರು. 1889ರಲ್ಲಿ ತೀರಿಕೊಂಡ ಶಿಶುವಿನಾಳದ ಸಂತನ ಮಾತು ಹಾಗೆ ಸಮುದ್ರ ದಾಟಿತು.

ತಪ್ಪು ಹುಡುಕಬೇಕಾದರೆ ನಮ್ಮಲ್ಲೇ ಇದೆ. ವಾಟ್ಸಾಪ್ ಸ್ಟೇಟಸ್ಸಿಗೆ ಈ ಪದ ಹಾಕಿ 'ರಘು ದೀಕ್ಷಿತ್ ಸಾಂಗ್' ಎಂದು ಬರೆಯುತ್ತೇವೆ. ಪದ ಕಟ್ಟಿದ ಶರೀಫರ ಹೆಸರು ಬರೆಯಲು ಬೆರಳು ನೋಯುತ್ತದೆಯೇ?

ಇನ್ನೂ ದೊಡ್ಡ ತಪ್ಪು ನಮ್ಮ ಜಾತ್ರೆ, ಗಣೇಶನ ಪೆಂಡಾಲಿನದು. ಚಂದಾ ಎತ್ತಿ ಆರ್ಕೆಸ್ಟ್ರಾ ಕರೆಸುತ್ತೇವೆ, ರಾತ್ರಿಯಿಡೀ ಸಿನಿಮಾ ಹಾಡೇ. ಊರಿನ ಹುಡುಗಿಯೊಬ್ಬಳು ತಾನೇ ಕಟ್ಟಿದ ಹಾಡು ಹಾಡುತ್ತೇನೆ ಅಂದರೆ ಮೊದಲ ಪ್ರಶ್ನೆ: 'ಯಾವ ಪಿಚ್ಚರ್‌ದು?' ಯಾವ ಪಿಚ್ಚರ್‌ದೂ ಅಲ್ಲ ಅಂದರೆ ಮೈಕ್ ಸಿಗುವುದಿಲ್ಲ. ಅಲ್ಲಿಗೆ ಆ ಹಾಡು ಸತ್ತಂತೆ.

ಸಿನಿಮಾದ ಆಸರೆ ಇಲ್ಲದೆಯೂ ಕನ್ನಡದ ಹಾಡು ಬದುಕುತ್ತದೆ ಎಂದು ರಘು ತೋರಿಸಿ ಇಷ್ಟು ವರ್ಷವಾಯಿತು. ಅವರ ದಾರಿ ಮುಂದುವರಿಯಬೇಕಾದ್ದು ಇಂಥ ಪೆಂಡಾಲಿನಿಂದಲೇ. ಕಮಿಟಿಯವರೇ, ಈ ಸಲ ಆರ್ಕೆಸ್ಟ್ರಾ ಶುರುವಾಗುವ ಮೊದಲು ಅರ್ಧ ಗಂಟೆ ಊರಿನ ಹುಡುಗರಿಗೆ ಮೈಕ್ ಕೊಡಿ. ಗಿಟಾರ್ ಇರಲಿ, ತಮಟೆ ಇರಲಿ, ಹಾಡು ಅವರದೇ ಆಗಿರಲಿ.