ಮೆಷಿನ್ ನಿಂತಾಗ ಬರುವವರು ಯಾರು?

ಮೇ ತಿಂಗಳು ಬಂತೆಂದರೆ ನಾಗದೇವಿ ಸ್ಟ್ರೀಟಿನಲ್ಲಿ ಎರಡು ವಸ್ತುಗಳಿಗೆ ಗಿರಾಕಿ ಹೆಚ್ಚು. ಒಂದು ನೀರೆತ್ತುವ ಪಂಪು, ಇನ್ನೊಂದು ಮರ ಕೊಯ್ಯುವ ಚೈನ್‌ಸಾ. ಮಳೆಗೆ ಮುಂಚೆ ಸೊಸೈಟಿಗಳ ಕೊಂಬೆ ಸವರುವ ಗುತ್ತಿಗೆದಾರರೆಲ್ಲ ಮುಲುಂಡ್, ವಸಾಯಿ, ಡೊಂಬಿವಿಲಿಯಿಂದ ಇಲ್ಲಿಗೇ ಬರುತ್ತಾರೆ. ಬಿಡಿಭಾಗಗಳ ಕೌಂಟರಿನ ಹಿಂದೆ 27 ವರ್ಷ ನಿಂತ ನನಗೆ ಅವರ ಮೊದಲ ಪ್ರಶ್ನೆ ಬಾಯಿಪಾಠ: "ಸೇಠ್, ಕೌನ್‌ಸಾ ಬ್ರಾಂಡ್ ಅಚ್ಛಾ?"

ಈ ತಿಂಗಳು ಅದೇ ಪ್ರಶ್ನೆ ಊರಿನಿಂದ ಬಂತು. ಮೂಡಿಗೆರೆ ಕಡೆಯ ನನ್ನ ಅಕ್ಕನ ಮಗ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಕಡಿಸಿ ಪ್ಲೈವುಡ್ ಕಾರ್ಖಾನೆಗಳಿಗೆ ಕಳಿಸುವ ಕೆಲಸ ಮಾಡುತ್ತಾನೆ. ಲಾರಿಗೆ ದಿಮ್ಮಿ ಏರಿಸಲು ಆಳು ಸಿಗುತ್ತಿಲ್ಲ. ತೋಟದ ಪತ್ರ ಅಡವಿಟ್ಟು, ಇಕ್ಕಳದಂತೆ ಮರ ಹಿಡಿಯುವ ಗ್ರ್ಯಾಪಲ್ ಇರುವ ಮೆಷಿನ್ ಕೊಳ್ಳುವ ಯೋಚನೆ ಅವನದು. "ಯಾವುದು ತಗೊಳ್ಳಲಿ ಮಾವ? ನೀವು ಹೇಳಿದ್ದೇ ತಗೊಳ್ತೇನೆ" ಎಂದ. ಜೊತೆಗೆ, ಜಾಮೀನಿಗೆ ನಿಮ್ಮ ಸಹಿ ಬೇಕು ಎಂದೂ ಸೇರಿಸಿದ. ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರಿಗೆ ಇಂಥ ಫೋನು ಬಂದಿರುತ್ತದೆ. ಹಾಗಾಗಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವನು ಮೊದಲು ತೋರಿಸಿದ್ದು ಫಿನ್‌ಲೆಂಡಿನ ಪೊನ್ಸೆ, ಅಮೆರಿಕದ ಜಾನ್ ಡೀರ್ ಮೆಷಿನುಗಳ ವಿಡಿಯೋ. ನಿಂತ ಮರವನ್ನು ಹಿಡಿದು, ಕೊಯ್ದು, ಕೊಂಬೆ ಸವರಿ, ಅಳತೆಗೆ ತುಂಡು ಮಾಡಿ ಮಲಗಿಸುತ್ತವೆ. ನೋಡಲು ಚೆಂದ. ಆದರೆ ಅವು ನಮ್ಮಲ್ಲಿಗೆ ಬರದಿರುವುದಕ್ಕೆ ಕಾರಣವಿದೆ. ಸಾಲು ಸಾಲಾಗಿ ಒಂದೇ ಜಾತಿಯ ಮರವಿರುವ, ಇಡೀ ಕಾಡನ್ನೇ ಒಂದು ಕಡೆಯಿಂದ ಕಡಿಯುವ ದೇಶಗಳಿಗಾಗಿ ಮಾಡಿದ ಮೆಷಿನುಗಳವು. ನಮ್ಮಲ್ಲಿ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದ ನಂತರ, ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನ ಮರ ಕಡಿಯುವಂತಿಲ್ಲ. ಉಳಿದದ್ದು ತೋಟದ ಮರ, ನೆಡುತೋಪಿನ ಮರ. ಕೆಳಗೆ ಕಾಫಿ ಗಿಡ, ನಡುವೆ ಇಳಿಜಾರು. ಅಲ್ಲಿ ಇಂದಿಗೂ ನಡೆಯುವುದು ಚೈನ್‌ಸಾ, ಹಗ್ಗ ಮತ್ತು ನಾವೆಲ್ಲ ಜೆಸಿಬಿ ಎಂದು ಕರೆಯುವ ಯಂತ್ರ.

ಮೊದಲು ಚೈನ್‌ಸಾ ವಿಷಯ. ಜರ್ಮನಿಯ ಸ್ಟಿಲ್ 1926ರಲ್ಲಿ ಶುರುವಾದ ಕಂಪನಿ, ಅದರ ಭಾರತದ ಶಾಖೆ ಪುಣೆಯಲ್ಲಿದೆ. ಸ್ವೀಡನ್ನಿನ ಹಸ್ಕ್‌ವಾರ್ನಾ 1689ರಲ್ಲಿ ಬಂದೂಕು ಕಾರ್ಖಾನೆಯಾಗಿ ಹುಟ್ಟಿ, 1959ರಲ್ಲಿ ಚೈನ್‌ಸಾ ಮಾಡಲು ತೊಡಗಿತು. ಎರಡರ ಲೋಹವೂ ಚೆನ್ನ. ನಾನು ನೋಡಿದಂತೆ ಇವು ಸಾಯುವುದು ತಯಾರಿಕೆಯ ದೋಷದಿಂದಲ್ಲ, ಪೆಟ್ರೋಲಿನಿಂದ. ಇವುಗಳ ಟೂ ಸ್ಟ್ರೋಕ್ ಎಂಜಿನ್ನಿಗೆ ಕಂಪನಿಯ ಎಣ್ಣೆಯಾದರೆ ಲೀಟರಿಗೆ 20 ಮಿಲಿ ಬೆರೆಸಬೇಕು. ಆಳುಗಳು ಕಣ್ಣಳತೆಯಲ್ಲಿ ಸುರಿಯುತ್ತಾರೆ. ಈಗ ಪಂಪುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಚೈನ್‌ಸಾ ಕೈಪಿಡಿಗಳು ಸಾಮಾನ್ಯವಾಗಿ ಹೇಳುವ ಮಿತಿ ಶೇಕಡಾ 10. ಮಳೆಗಾಲ ಪೂರ್ತಿ ಅದನ್ನು ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬ್ಯುರೇಟರಿನ ತೆಳು ಪೊರೆ ಗಟ್ಟಿಯಾಗುತ್ತದೆ. ಎತ್ತಿಡುವ ಮುನ್ನ ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ.

ಆ ಪೊರೆ ಬಹಳ ಸಣ್ಣ ವಸ್ತು. ಅದು ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಎಂಬುದು ಬ್ರಾಂಡಿನ ನಿಜವಾದ ಪರೀಕ್ಷೆ. ಹೆಸರಿಲ್ಲದ ಅಗ್ಗದ ಗರಗಸವೂ ಮರ ಕೊಯ್ಯುತ್ತದೆ. ವರ್ಷದ ನಂತರ ಅದರ ಪಾರ್ಟು ಹುಡುಕಿಕೊಂಡು ಬಂದವರನ್ನು ನಾನು ಎಷ್ಟೋ ಸಲ ಬರಿಗೈಯಲ್ಲಿ ಕಳಿಸಿದ್ದೇನೆ.

ಇನ್ನು ದೊಡ್ಡ ಮೆಷಿನ್. ಜೆಸಿಬಿ 1979ರಿಂದ ಭಾರತದಲ್ಲಿದೆ. ಬಲ್ಲಭಗಢ, ಪುಣೆ, ಜೈಪುರಗಳಲ್ಲಿ ಕಾರ್ಖಾನೆಗಳಿವೆ. ಟಾಟಾ ಹಿಟಾಚಿಯ ಕಾರ್ಖಾನೆ ನಮ್ಮ ಧಾರವಾಡದಲ್ಲಿ, ವೋಲ್ವೋದ್ದು ಬೆಂಗಳೂರಿನ ಪೀಣ್ಯದಲ್ಲಿ. 1964ರಲ್ಲಿ ಹುಟ್ಟಿದ ಬಿಇಎಂಎಲ್ ಬೆಂಗಳೂರಿನದೇ, ಆದರೆ ಅದರ ಬುಲ್ಡೋಜರುಗಳ ಜಾಗ ಗಣಿ ಮತ್ತು ಸೈನ್ಯ. ತೋಟದಿಂದ ತೋಟಕ್ಕೆ ರಸ್ತೆಯ ಮೇಲೆ ತಾನೇ ಓಡಬೇಕೆಂದರೆ ಟೈರಿನ ಬ್ಯಾಕ್‌ಹೋ ಅನುಕೂಲ. ಇಳಿಜಾರಿನಲ್ಲಿ ಗಟ್ಟಿಯಾಗಿ ನಿಲ್ಲಬೇಕೆಂದರೆ ಚೈನಿನ ಎಕ್ಸ್‌ಕವೇಟರ್. ಆದರೆ ಅದನ್ನು ಸಾಗಿಸಲು ಪ್ರತಿಸಲ ಟ್ರೈಲರ್ ಬಾಡಿಗೆ ಕೊಡಬೇಕು.

ಕಾರ್ಖಾನೆ ನಮ್ಮ ರಾಜ್ಯದಲ್ಲಿದೆ ಎಂದು ಹೆಮ್ಮೆಪಡಬಹುದು. ಆದರೆ ಸಂಜೆ ನಾಲ್ಕಕ್ಕೆ ಹೈಡ್ರಾಲಿಕ್ ಪೈಪು ಒಡೆದಾಗ ಬರುವವನು ಕಾರ್ಖಾನೆಯವನಲ್ಲ, ಡೀಲರಿನ ಮೆಕ್ಯಾನಿಕ್. ಅವನು ಹಾಸನದಿಂದ ಬರುತ್ತಾನೋ, ಮಂಗಳೂರಿನಿಂದಲೋ, ಘಾಟಿಯಲ್ಲಿ ಮಳೆ ಇದ್ದರೆ ಎಷ್ಟು ಹೊತ್ತಿಗೆ ಮುಟ್ಟುತ್ತಾನೋ, ಇದರ ಮೇಲೆ ಕಂತು ನಿಂತಿದೆ. ಲೆಕ್ಕ ಹಾಕಿ: ಗಂಟೆಗೆ 1,200 ರೂಪಾಯಿ ಬಾಡಿಗೆ, ದಿನಕ್ಕೆ 8 ಗಂಟೆ ಎಂದಿಟ್ಟುಕೊಂಡರೆ ನಿಂತ ಒಂದು ದಿನಕ್ಕೆ 9,600 ಹೋಯಿತು. ಕೊಳ್ಳುವಾಗ ಚೌಕಾಶಿ ಮಾಡಿ ಉಳಿಸಿದ 50,000 ರೂಪಾಯಿ ಆರು ದಿನದಲ್ಲಿ ಕರಗುತ್ತದೆ. ಬ್ಯಾಂಕಿನ ಕಂತಿಗೆ ಮಾತ್ರ ಮಳೆಯೂ ಇಲ್ಲ, ರಜೆಯೂ ಇಲ್ಲ.

ಮರದ ಕೆಲಸದಲ್ಲಿ ಇನ್ನೊಂದು ತೊಡಕು. ಮೆಷಿನ್ ಒಬ್ಬರದು, ಗ್ರ್ಯಾಪಲ್ ಹೆಚ್ಚಾಗಿ ಬೇರೆಯವರದು. ಅದಕ್ಕೆ ಹೆಚ್ಚುವರಿ ಹೈಡ್ರಾಲಿಕ್ ಲೈನು ಎಳೆಯಬೇಕು. ಪಂಪು ಕೈಕೊಟ್ಟರೆ ಮೆಷಿನಿನವರು ಗ್ರ್ಯಾಪಲ್ ಕಡೆ ಬೆರಳು ತೋರಿಸುತ್ತಾರೆ, ಗ್ರ್ಯಾಪಲಿನವರು ಮೆಷಿನ್ ಕಡೆ. ವಾರಂಟಿ ಇಬ್ಬರ ನಡುವೆ ಬಿದ್ದುಹೋಗುತ್ತದೆ.

ಅದಕ್ಕೇ ಅಳಿಯನಿಗೆ ಬ್ರಾಂಡಿನ ಹೆಸರು ಹೇಳಲಿಲ್ಲ, ಐದು ಪ್ರಶ್ನೆ ಬರೆಸಿದೆ. ನಿನ್ನ ತೋಟದಿಂದ 50 ಕಿಲೋಮೀಟರಿನೊಳಗೆ ಯಾವ ಬ್ರಾಂಡಿನ ಮೆಷಿನುಗಳು ಹೆಚ್ಚು ಓಡುತ್ತಿವೆ? ಅವುಗಳ ಮಾಲೀಕರಲ್ಲಿ ಮೂವರನ್ನು ಕೇಳು, ಕಳೆದ ಸಲ ಕೆಟ್ಟಾಗ ಮೆಕ್ಯಾನಿಕ್ ಎಷ್ಟು ದಿನಕ್ಕೆ ಬಂದ? ಫಿಲ್ಟರು, ಹೋಸು, ಸೀಲ್ ಕಿಟ್ ಡೀಲರಿನ ಕಪಾಟಿನಲ್ಲಿ ಇವತ್ತೇ ಇವೆಯೇ, ನೀನೇ ಕಣ್ಣಾರೆ ನೋಡಿದೆಯಾ? ನಿನ್ನ ಆಪರೇಟರನಿಗೆ ಯಾವ ಮೆಷಿನಿನ ಮೇಲೆ ಕೈ ಕೂತಿದೆ? ಕೊನೆಯದು, ಗ್ರ್ಯಾಪಲ್ ಹಾಕಿದ ಮೇಲೂ ವಾರಂಟಿ ಇರುತ್ತದೆ ಎಂದು ಡೀಲರ್ ಬರೆದು ಕೊಡುತ್ತಾನೆಯೇ?

ಮುಂಬಯಿಯ ಸೊಸೈಟಿ ಕಮಿಟಿಯಲ್ಲಿರುವ ನಮ್ಮವರಿಗೂ ಒಂದು ಮಾತು. ಮರ ಕಡಿಯುವುದಕ್ಕೂ ಸವರುವುದಕ್ಕೂ 1975ರ ಮಹಾರಾಷ್ಟ್ರ ಮರ ಸಂರಕ್ಷಣಾ ಕಾಯ್ದೆ ಇದೆ, ಪಾಲಿಕೆಯ ಅನುಮತಿ ಮೊದಲು ಪಡೆಯಿರಿ. ಗುತ್ತಿಗೆದಾರ ಬಂದ ದಿನ ಅವನ ಗರಗಸದ ಬ್ರಾಂಡ್ ನೋಡುವ ಬದಲು ಚೈನ್ ಬ್ರೇಕ್ ಹಿಡಿಯುತ್ತದೆಯೇ, ಮರ ಹತ್ತುವ ಹುಡುಗನ ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್ ಇದೆಯೇ ನೋಡಿ. ಆ ಹುಡುಗ ಎಷ್ಟೋ ಸಲ ನಮ್ಮ ಕಲಬುರ್ಗಿ, ಯಾದಗಿರಿ ಕಡೆಯವನೇ ಆಗಿರುತ್ತಾನೆ.

ಅಳಿಯ ನಾಲ್ಕು ಪ್ರಶ್ನೆಗಳಿಗೆ ಉತ್ತರ ತಂದಿದ್ದಾನೆ. ಕಂಪನಿಯ ಹೆಸರು ಅವನೇ ಆರಿಸಿಕೊಂಡ, ನಾನು ತಕರಾರು ಮಾಡಲಿಲ್ಲ. ಐದನೆಯದಕ್ಕೆ ಡೀಲರು ಬಾಯಿಮಾತಿನಲ್ಲಿ "ಆಗುತ್ತೆ ಸಾರ್" ಎಂದಿದ್ದಾನಂತೆ. ಅದು ಕಾಗದದ ಮೇಲೆ ಬಂದ ದಿನ ಜಾಮೀನಿಗೆ ಸಹಿ ಹಾಕುತ್ತೇನೆ ಎಂದೆ. ಅಕ್ಕನಿಗೆ ಸ್ವಲ್ಪ ಬೇಸರವಾಗಿದೆ, "ಸ್ವಂತ ಅಳಿಯನ ಮೇಲೂ ನಂಬಿಕೆ ಇಲ್ವಾ?" ಎಂದು ಕೇಳಿದಳು. ಅಳಿಯನ ಮೇಲೆ ಇದೆ ಅಕ್ಕ ಎಂದೆ.