ಪ್ಲಾಸ್ಮಾ ಎಂಜಿನ್: ಸಾವಿರ ಗಂಟೆಯ ಪರೀಕ್ಷೆ ಸಾಕೇ?

ಬೆಂಗಳೂರು: 2025ರ ಮಾರ್ಚ್ ಅಂತ್ಯದಲ್ಲಿ ಇಸ್ರೋ ಹೊರಡಿಸಿದ ಪ್ರಕಟಣೆಯೊಂದು ಅರ್ಹವಾದಷ್ಟು ಚರ್ಚೆಯಾಗಲಿಲ್ಲ. 300 ಮಿಲಿನ್ಯೂಟನ್ ನೂಕುಬಲದ ಸ್ವದೇಶಿ ಪ್ಲಾಸ್ಮಾ ಥ್ರಸ್ಟರ್, 5.4 ಕಿಲೋವ್ಯಾಟ್ ಪೂರ್ಣ ಸಾಮರ್ಥ್ಯದಲ್ಲಿ 1,000 ಗಂಟೆಗಳ ಬಾಳಿಕೆ ಪರೀಕ್ಷೆ ಪೂರೈಸಿದೆ ಎಂಬುದೇ ಆ ಸುದ್ದಿ.

300 ಮಿಲಿನ್ಯೂಟನ್ ಎಂದರೆ ಅಂಗೈ ಮೇಲಿಟ್ಟ 30 ಗ್ರಾಂ ವಸ್ತು ಒತ್ತುವಷ್ಟು ಬಲ, ಅಷ್ಟೇ. ಇಂತಹ ಎಂಜಿನ್ ಯಾರಿಗೆ ಬೇಕು ಎಂದು ಕೇಳಬಹುದು. ಆದರೆ ರಾಸಾಯನಿಕ ಎಂಜಿನ್‌ನಿಂದ ಅನಿಲವು ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ ಹೊರಬಿದ್ದರೆ, ಇಲ್ಲಿ ಕ್ಸೆನಾನ್ ಅಯಾನುಗಳು 15ರಿಂದ 20 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತವೆ. ಹೀಗಾಗಿ ಅದೇ ಕೆಲಸಕ್ಕೆ ಇಂಧನ ಬಹಳ ಕಡಿಮೆ ಸಾಕು. ಉಪಗ್ರಹ ಹಗುರವಾಗುತ್ತದೆ. 2024ರ ನವೆಂಬರ್‌ನಲ್ಲಿ ಸುಮಾರು 4,700 ಕಿಲೋ ತೂಕದ ಜಿಸ್ಯಾಟ್-ಎನ್2 ಉಪಗ್ರಹಕ್ಕಾಗಿ ಅಮೆರಿಕದ ಫಾಲ್ಕನ್-9 ರಾಕೆಟ್ಟನ್ನು ಆಶ್ರಯಿಸಬೇಕಾಗಿ ಬಂದ ದೇಶಕ್ಕೆ ಈ ಉಳಿತಾಯದ ಬೆಲೆ ಏನೆಂದು ವಿವರಿಸಬೇಕಿಲ್ಲ.

ತೊಡಕಿರುವುದು ಪ್ಲಾಸ್ಮಾದ ಸ್ವಭಾವದಲ್ಲಿ. ಈ ಯಂತ್ರದ ಉಂಗುರಾಕಾರದ ಕಾಲುವೆಯೊಳಗೆ ಕಾಂತಕ್ಷೇತ್ರವು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟು ಸುತ್ತಿಸುತ್ತದೆ. ಒಳಬರುವ ಕ್ಸೆನಾನ್ ಪರಮಾಣುಗಳಿಗೆ ಅವು ಡಿಕ್ಕಿ ಹೊಡೆದು ಅಯಾನುಗಳನ್ನು ಹುಟ್ಟಿಸುತ್ತವೆ. ವಿದ್ಯುತ್ ಕ್ಷೇತ್ರ ಆ ಅಯಾನುಗಳನ್ನು ಹೊರದಬ್ಬುತ್ತದೆ. ಅನಿಲ ಒಳಬರುವುದು ಮಾತ್ರ ನಿಧಾನ, ಸೆಕೆಂಡಿಗೆ ಕೆಲವೇ ನೂರು ಮೀಟರ್. ಒಮ್ಮೆಗೇ ಹೆಚ್ಚು ಪರಮಾಣುಗಳು ಅಯಾನುಗಳಾಗಿ ಹೋದರೆ ಕಾಲುವೆ ಬರಿದಾಗಿ, ವಿದ್ಯುತ್ ಪ್ರವಾಹ ಕುಸಿಯುತ್ತದೆ. ಅನಿಲ ಮತ್ತೆ ತುಂಬಿದಾಗ ಪ್ರವಾಹ ಮತ್ತೆ ಜಿಗಿಯುತ್ತದೆ. ಜಿಂಕೆಗಳು ಹೆಚ್ಚಿದಾಗ ಹುಲಿಗಳು ಹೆಚ್ಚಿ, ಜಿಂಕೆಗಳು ಕರಗಿದಾಗ ಹುಲಿಗಳೂ ಸೊರಗುವ ಕಾಡಿನ ಲೆಕ್ಕವೇ ಇದು. 1920ರ ದಶಕದಲ್ಲಿ ಲೋಟ್ಕಾ ಮತ್ತು ವೋಲ್ಟೆರಾ ಬೇಟೆ-ಬೇಟೆಗಾರರಿಗಾಗಿ ಬರೆದ ಸಮೀಕರಣಗಳನ್ನೇ ವಿಜ್ಞಾನಿಗಳು ಇದಕ್ಕೂ ಅನ್ವಯಿಸಿದ್ದಾರೆ. ವ್ಯತ್ಯಾಸವಿಷ್ಟೆ: ಕಾಡಿನಲ್ಲಿ ವರ್ಷಗಳು ಹಿಡಿಯುವ ಚಕ್ರ ಇಲ್ಲಿ ಸೆಕೆಂಡಿಗೆ 10 ಸಾವಿರದಿಂದ 30 ಸಾವಿರ ಬಾರಿ ತಿರುಗುತ್ತದೆ. ಇದಕ್ಕೆ ‘ಉಸಿರಾಟದ ಕಂಪನ’ ಎಂಬ ಹೆಸರಿದೆ.

ಈ ಉಸಿರು ಮಿತಿಯಲ್ಲಿದ್ದರೆ ಬಾಧಕವಿಲ್ಲ. ಕೆಲವು ಸ್ಥಿತಿಗಳಲ್ಲಿ ಏರಿಳಿತವು ಸರಾಸರಿ ಪ್ರವಾಹದಷ್ಟೇ ದೊಡ್ಡದಾಗುತ್ತದೆ. ಆಗ ವಿದ್ಯುತ್ ಪೂರೈಕೆ ಘಟಕದ ಮೇಲೆ ಹೊರೆ ಬೀಳುತ್ತದೆ, ದಕ್ಷತೆ ಇಳಿಯಬಹುದು, ಥ್ರಸ್ಟರ್ ಆರಿಹೋಗಲೂಬಹುದು. ಮೆಗಾಹರ್ಟ್ಸ್ ಮಟ್ಟದ ಸೂಕ್ಷ್ಮ ಕಂಪನಗಳದು ಇನ್ನೊಂದು ಕಥೆ. ಅವುಗಳ ನೆರವಿನಿಂದ ಎಲೆಕ್ಟ್ರಾನುಗಳು ಸಿದ್ಧಾಂತ ಒಪ್ಪುವುದಕ್ಕಿಂತ ಬಹಳ ಹೆಚ್ಚಾಗಿ ಕಾಂತಕ್ಷೇತ್ರವನ್ನು ದಾಟಿ ಸೋರುತ್ತವೆ. 1971ರ ಡಿಸೆಂಬರ್‌ನಲ್ಲಿ ಉಡಾಯಿಸಿದ ಮೀಟಿಯೋರ್ ಉಪಗ್ರಹದಲ್ಲೇ ಸೋವಿಯತ್ ವಿಜ್ಞಾನಿಗಳು ಈ ಬಗೆಯ ಎಂಜಿನ್ನನ್ನು ಕಳಿಸಿದ್ದರು. ಅರ್ಧ ಶತಮಾನ ಕಳೆದರೂ ಹೊಸ ಥ್ರಸ್ಟರ್‌ನ ವರ್ತನೆಯನ್ನು ಕಂಪ್ಯೂಟರ್ ಲೆಕ್ಕದಿಂದಲೇ ಮುಂಗಂಡು ಹೇಳುವುದು ಸಾಧ್ಯವಾಗಿಲ್ಲ; ದೀರ್ಘ ಪರೀಕ್ಷೆಯೇ ಗತಿ.

ಆ ಪರೀಕ್ಷೆಗೂ ಮಿತಿಯಿದೆ. ಭೂಮಿಯ ಮೇಲಿನ ನಿರ್ವಾತ ಕೋಣೆಯಲ್ಲಿ ಸ್ವಲ್ಪ ಅನಿಲ ಉಳಿದೇ ಇರುತ್ತದೆ, ಲೋಹದ ಗೋಡೆಗಳು ವಿದ್ಯುತ್ತಿಗೆ ಹೊಸ ದಾರಿ ತೋರಿಸುತ್ತವೆ. ಕೋಣೆಯಲ್ಲಿ ಶಾಂತವಾಗಿದ್ದ ಥ್ರಸ್ಟರ್ ಬಾಹ್ಯಾಕಾಶದಲ್ಲೂ ಹಾಗೆಯೇ ಇದ್ದೀತೆಂಬ ಖಾತರಿಯಿಲ್ಲ. ಅಲ್ಲದೆ 1,000 ಗಂಟೆ ಎಂದರೆ 42 ದಿನಗಳೂ ತುಂಬವು. ಇಂತಹ ಎಂಜಿನ್‌ನಿಂದ ಉಪಗ್ರಹವನ್ನು ಭೂಸ್ಥಿರ ಕಕ್ಷೆಗೇರಿಸಲು ತಿಂಗಳುಗಳೇ ಬೇಕು. ಐರೋಪ್ಯ ಸಂಸ್ಥೆ 2003ರಲ್ಲಿ ಚಂದ್ರನತ್ತ ಕಳಿಸಿದ ಸ್ಮಾರ್ಟ್-1 ನೌಕೆಯ ಥ್ರಸ್ಟರ್ ಸುಮಾರು 5 ಸಾವಿರ ಗಂಟೆ ದುಡಿದಿತ್ತು. ಆ ಅಳತೆಯಲ್ಲಿ ಇಸ್ರೋದ್ದು ಒಳ್ಳೆಯ ಆರಂಭ, ಗುರಿಯಲ್ಲ.

ಹಿಂದಿನ ಅನುಭವವೂ ದೊಡ್ಡದಲ್ಲ. ವಿದ್ಯುತ್ ಥ್ರಸ್ಟರ್‌ಗಳನ್ನು ಹೊತ್ತಿದ್ದ ಜಿಸ್ಯಾಟ್-4, 2010ರ ಏಪ್ರಿಲ್‌ನಲ್ಲಿ ರಾಕೆಟ್ ವೈಫಲ್ಯದಿಂದ ಕಕ್ಷೆ ಸೇರಲೇ ಇಲ್ಲ. 2017ರ ಮೇ ತಿಂಗಳಲ್ಲಿ ಹಾರಿದ ಜಿಸ್ಯಾಟ್-9 ಈ ತಂತ್ರವನ್ನು ಬಳಸಿತಾದರೂ ಸಣ್ಣ ಪ್ರಮಾಣದಲ್ಲಿ. 300 ಮಿಲಿನ್ಯೂಟನ್ ಥ್ರಸ್ಟರ್ ಟಿಡಿಎಸ್-1 ಎಂಬ ಪ್ರಾಯೋಗಿಕ ಉಪಗ್ರಹದ ಕಕ್ಷೆ ಏರಿಸಲು ಮೀಸಲಾಗಿದೆ. ಇಸ್ರೋ ಪ್ರಕಟಣೆಯಲ್ಲಿ ಒಳಪದರದ ಸವೆತವನ್ನು ಆಗಾಗ ಪರಿಶೀಲಿಸಿದ ಉಲ್ಲೇಖವಿತ್ತು, ಪ್ರವಾಹದ ಏರಿಳಿತದ ಅಂಕಿಗಳಿರಲಿಲ್ಲ. ಮುಂದಿನ ಪರೀಕ್ಷೆಗಳ ವರದಿಯಲ್ಲಿ ಮೊದಲು ಹುಡುಕಬೇಕಾದದ್ದು ಆ ಅಂಕಿಗಳನ್ನೇ.