ಮನೇಲೇ ತೋಟೆ ತುಂಬ್ಕೋಬೇಕಂತೆ!

ರೀಲೋಡಿಂಗ್ ಅಂತ ಒಂದು ಹವ್ಯಾಸ ಇದೆ, ಕೇಳಿದ್ದೀರಾ? ಅಮೆರಿಕದಲ್ಲಿ ತುಂಬಾ ಜನ ಮಾಡ್ತಾರೆ. ರೈಫಲ್ಲಿನಲ್ಲಿ ಹಾರಿಸಿ ಬಿದ್ದ ಹಿತ್ತಾಳೆಯ ಖಾಲಿ ತೋಟೆಯನ್ನು ಎತ್ತಿಟ್ಟುಕೊಂಡು, ಮತ್ತೆ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮರುಬಳಕೆ ಮಾಡೋದು. ಲೀ ಅನ್ನೋ ಕಂಪನಿಯ ಒಂದು ಕಿಟ್ಟಂತೂ ಅಂಗೈಯಲ್ಲಿ ಹಿಡಿಯೋಷ್ಟು ಚಿಕ್ಕದು, ಸುತ್ತಿಗೆಯಲ್ಲಿ ಬಡಿದು ಕೆಲಸ ಮುಗಿಸಬಹುದು. "ಕಡಿಮೆ ಖರ್ಚಲ್ಲಿ ಯಾವ ಕಿಟ್ ಕೊಳ್ಳೋದು" ಅನ್ನೋದೇ ಅಲ್ಲಿ ದೊಡ್ಡ ಚರ್ಚೆ.

ಅಲ್ಲಿನವರ ಹವ್ಯಾಸ ಅಲ್ಲಿನವರಿಗೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರೋದು ಬೆಂಗಳೂರಿನ ಊಟದ ಟೇಬಲ್ಲುಗಳಲ್ಲಿ ಹುಟ್ಟುವ ಐಡಿಯಾ ಬಗ್ಗೆ. ನಾನು ಎಚ್.ಡಿ.ಕೋಟೆಯವನು ಅಂತ ಗೊತ್ತಾದ ತಕ್ಷಣ ಯಾರಾದ್ರೂ ಒಬ್ಬರು ಹೇಳ್ತಾರೆ: "ನಿಮ್ಮ ಕಡೆ ರೈತರಿಗೂ ಇಂಥ ಸಸ್ತಾ ಕಿಟ್ ಕೊಟ್ಟುಬಿಟ್ರೆ ಹಂದಿ ಕಾಟ ಮುಗೀತಲ್ವಾ ಗುರೂ?" ಒಳ್ಳೇ ಮನಸ್ಸಿಂದಲೇ ಹೇಳೋದು. ಅದಕ್ಕೇ ಇನ್ನೂ ಸಿಟ್ಟು ಬರೋದು.

ಅಲ್ಲಾ ಸ್ವಾಮಿ, ಮೊದಲು ಕಾನೂನು ನೋಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದ್ರೆ ಏನು ಅನ್ನೋ ವ್ಯಾಖ್ಯಾನದೊಳಗೇ ಅದನ್ನು ತಯಾರಿಸುವ ಯಂತ್ರವೂ ಸೇರಿದೆ. ರುಬ್ಬುಗಲ್ಲನ್ನೇ ಹಿಟ್ಟು ಅಂದ ಹಾಗೆ :-) ಅಂದ್ರೆ ಒಂದು ಚಿಟಿಕೆ ಮದ್ದೂ ಮುಟ್ಟದೆ, ಬರೀ ಆ ಯಂತ್ರ ಮನೇಲಿ ಇಟ್ಟುಕೊಂಡ್ರೂ ಕೇಸು ಬೀಳಬಹುದು. ಲೈಸೆನ್ಸ್ ಇಲ್ಲದೆ ತಯಾರಿಸಿದ್ರೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಅಂತರಸಂತೆಯ ಕಡೆ ಎರಡೆಕರೆ ರಾಗಿ ಹಾಕಿದವನಿಗೆ ನೀವು ಕೊಡ್ತಿರೋ "ಸಸ್ತಾ" ಸಲಹೆಯ ನಿಜವಾದ ಬೆಲೆ ಇದು.

ಇನ್ನು ಎಂಜಿನಿಯರಿಂಗ್ ವಿಚಾರ. .30-06 ಅನ್ನೋ ಹೆಸರಾಂತ ರೈಫಲ್ ತೋಟೆಯೊಳಗಿನ ಗರಿಷ್ಠ ಒತ್ತಡ ಚದರಂಗುಲಕ್ಕೆ 60,000 ಪೌಂಡ್. ನಿಮ್ಮ ಕಾರಿನ ಟೈರಲ್ಲಿರೋದು ಮೂವತ್ತು ಚಿಲ್ಲರೆ. ಅದು ಸಿಡಿಯುವಾಗ ಹಾರಿಸುವವನ ಕೆನ್ನೆ ಅದರ ಪಕ್ಕದಲ್ಲೇ ಇರುತ್ತೆ. ಅಮೆರಿಕದವನು ಅದನ್ನು ಮಾಡಬಲ್ಲ, ಯಾಕಂದ್ರೆ ಅವನ ಹತ್ರ ಯಾವ ಮದ್ದು, ಎಷ್ಟು ಅಂತ ಪರೀಕ್ಷೆ ಮಾಡಿ ಅಚ್ಚು ಹಾಕಿದ ಪುಸ್ತಕ ಇದೆ, ಡಬ್ಬಿ ಮೇಲೆ ಹೆಸರಿರೋ ಮದ್ದು ಇದೆ, ಕಾರ್ಖಾನೆಯಲ್ಲಿ ಪರೀಕ್ಷೆ ಆದ ನಳಿಗೆ ಇದೆ. ಇವಿಷ್ಟೂ ಇಟ್ಟುಕೊಂಡು ಆಮೇಲೆ ಕಿಟ್ಟಲ್ಲಿ ದುಡ್ಡು ಉಳಿಸ್ತಾನೆ. ನಮ್ಮ ಕಡೆ ಉಳಿತಾಯ ಶುರುವಾಗೋದೇ ಈ ಮೂರನ್ನೂ ಬಿಟ್ಟು.

ಹಾಗಾದ್ರೆ ನಮ್ಮಲ್ಲಿರೋದೇನು? ಕೇಪಿನ ಕೋವಿ. ಬಾಯಿಂದ ಮದ್ದು ಸುರಿದು, ಗಜದಲ್ಲಿ ಗಿಡಿದು, ಚರೆ ಹಾಕಿ, ಹಿಂದೆ ಕೇಪಿಟ್ಟು ಹೊಡೆಯೋದು. ಯೋಚಿಸಿ ನೋಡಿ, ಪ್ರತೀ ಈಡಿಗೂ ಮನೇಲೇ ತುಂಬೋದು ಅಂದ್ರೆ ಇದೇ ತಾನೆ! ಅದೂ ತಕ್ಕಡಿ ಇಲ್ಲದೆ, ಅಟ್ಟಣೆ ಮೇಲೆ, ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಲ್ಲಿ. ಕರಿಮದ್ದಿಗೆ ಅಂತ ಮಾಡಿದ ನಳಿಗೆಗೆ ತೋಟೆಯಿಂದ ತೆಗೆದ ಹೊಗೆಯಿಲ್ಲದ ಮದ್ದು ಹೋದ್ರೆ ನಳಿಗೆಯೇ ಬಾಂಬು. ರೀಲೋಡಿಂಗ್ ಗೊತ್ತಿಲ್ಲದ ಜನ ಅಂತ ನಮ್ಮವರಿಗೆ ಕಲಿಸೋಕೆ ಹೊರಟಿದ್ದೀರಲ್ಲ, ಅದರ ಅತಿ ಅಗ್ಗದ, ಅತಿ ಅಪಾಯದ ರೂಪ ಅವರಿಗೆ ಯಾವತ್ತೋ ಗೊತ್ತು.

ತಮಾಷೆ ಅಂದ್ರೆ ಕಾಯ್ದೆಯಲ್ಲೇ ರೈತನಿಗೆ ಜಾಗ ಇದೆ. 13ನೇ ಕಲಮಿನಲ್ಲಿ, ಬೆಳೆ ರಕ್ಷಣೆಗೆ ಪ್ರಾಮಾಣಿಕವಾಗಿ ಕೇಪಿನ ಕೋವಿ ಕೇಳಿದವನಿಗೆ ಲೈಸೆನ್ಸ್ ಕೊಡತಕ್ಕದ್ದು ಅಂತಿದೆ. ಅದು ಸಾಲದು ಅನ್ನಿಸಿದ್ರೆ ತೋಟೆ ಕೋವಿ ಕೊಡೋಕೂ ಅವಕಾಶ ಇದೆ. ಆದ್ರೆ ಅರ್ಜಿ ಹಿಡಿದು ಅಲೆದವರನ್ನು ಕೇಳಿ. ಸಿಕ್ಕ ಮೇಲೂ, ಚುನಾವಣೆ ಬಂತು ಅಂದ್ರೆ ಸಾಮಾನ್ಯವಾಗಿ ಕೋವಿ ಸ್ಟೇಷನ್ನಿಗೆ. ನೀತಿ ಸಂಹಿತೆ ಹಂದಿಗಳಿಗೆ ಅನ್ವಯಿಸಲ್ಲ ನೋಡಿ, ಅವು ಆ ತಿಂಗಳೂ ಬರ್ತವೆ.

ಈಗ ನಕ್ಷೆ ತೆಗೆಯಿರಿ. ನಾಗರಹೊಳೆ ಕಾಡಿನ ಪಶ್ಚಿಮಕ್ಕೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ಶುರುವಾದದ್ದು. ಈಗಿನ ಅಧಿಸೂಚನೆ 2029ರ ಅಕ್ಟೋಬರ್ ತನಕ ಇದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. (ಆ ವಿನಾಯಿತಿಯೂ 3 ಮತ್ತು 4ನೇ ಕಲಮಿಗೆ ಮಾತ್ರ. ತಯಾರಿಕೆಯ 5ನೇ ಕಲಮಿಗೆ ಅಲ್ಲ!) ದಕ್ಷಿಣಕ್ಕೆ ಬಾವಲಿ ದಾಟಿದ್ರೆ ವಯನಾಡು. 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ, ಬೆಳೆಗೆ ನುಗ್ಗುವ ಹಂದಿಯನ್ನು ಲೈಸೆನ್ಸ್ ಇರುವವರಿಂದ ಹೊಡೆಸೋಕೆ ಆದೇಶ ಕೊಡುವ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರಿಗೇ ಕೊಟ್ಟಿತು. ನಡುವೆ ನಮ್ಮ ಡಿ.ಬಿ.ಕುಪ್ಪೆ, ಎನ್.ಬೇಗೂರು, ಅಂತರಸಂತೆ. ಅದೇ ಕಾಡು. ನಮ್ಮವನ ಕೈಯಲ್ಲಿ ಪಟಾಕಿ ಮತ್ತು ತಗಡಿನ ಡಬ್ಬ.

ಆನೆಗೆ ಅಂತ ನಾಗರಹೊಳೆ ಅಂಚಲ್ಲಿ ಹಳೇ ರೈಲು ಹಳಿಯ ಬೇಲಿ ಹಾಕಿದ್ರು. ಒಳ್ಳೇ ಕೆಲಸವೇ, ಎಷ್ಟೋ ಕಡೆ ಆನೆ ನಿಂತಿದೆ. ಆದ್ರೆ ಆನೆ ನಿಲ್ಲುವ ಹಳಿಯ ಕೆಳಗೆ ಹಂದಿ ಸಂಸಾರ ಸಮೇತ ನುಸುಳುತ್ತೆ. ಒಂದೇ ರಾತ್ರಿಗೆ ಮುಸುಕಿನ ಜೋಳ ಮಲಗಿಸಿ ಹೋಗುತ್ತೆ.

ಹತಾಶೆಗೆ ಬಿದ್ದವನು ಆಮೇಲೆ ಏನು ಮಾಡ್ತಾನೆ? ತಂತಿ ಉರುಳು. ಬೇಲಿಗೆ ನೇರ ಕರೆಂಟು. ಸಿಡಿಮದ್ದು. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನಲ್ಲಿ ಬಾಯಿ ಛಿದ್ರವಾಗಿ ನೀರಲ್ಲಿ ನಿಂತೇ ಸತ್ತ ಗಬ್ಬದ ಆನೆ ನೆನಪಿದೆಯಲ್ಲ? ದೇಶವೆಲ್ಲ ಅತ್ತಿತು. ಹಂದಿಗೆ ಅಂತ ಇಟ್ಟದ್ದನ್ನು ಅದು ತಿಂದಿತ್ತು ಅಂತ ತನಿಖೆಯಲ್ಲಿ ಬಂತು. ಉರುಳು, ಕರೆಂಟು, ಸಿಡಿಮದ್ದು, ಎಲ್ಲವೂ "ಸಸ್ತಾ ಸಲಕರಣೆ" ಕಣ್ರೀ. ಅವಕ್ಕೆ ಕಣ್ಣಿಲ್ಲ. ಹಂದಿಗಿಟ್ಟದ್ದರಲ್ಲಿ ಹುಲಿ, ಆನೆ, ದನ ಕಾಯೋ ಹುಡುಗ ಯಾರು ಬೇಕಾದ್ರೂ ಸಿಗಬಹುದು.

ಇನ್ನೊಂದು ಕಡೆಯವರಿಗೂ ಒಂದು ಮಾತು. ಸಫಾರಿ ಜೀಪಿನ ಫೋಟೋ ಹಾಕಿ, ಕೋವಿ ಅಂದ ತಕ್ಷಣ ರೈತನನ್ನು ಕಳ್ಳಬೇಟೆಗಾರ ಅನ್ನೋ ಗೆಳೆಯರೇ, 2025ರ ಅಕ್ಟೋಬರ್-ನವೆಂಬರಿನಲ್ಲಿ ಸರಗೂರು ಕಡೆ ಒಬ್ಬರ ಹಿಂದೆ ಒಬ್ಬರು ಹುಲಿ ಬಾಯಿಗೆ ಬಿದ್ದಾಗಲೇ ಬಂಡೀಪುರ, ನಾಗರಹೊಳೆಯ ಸಫಾರಿ ನಿಂತದ್ದು. ಸತ್ತವರು ಹೊಲದಲ್ಲಿ ಕೆಲಸ ಮಾಡ್ತಿದ್ದವರು, ದನ ಮೇಯಿಸ್ತಿದ್ದವರು. ಹುಲಿಗೆ ಕೋವಿ ಉತ್ತರ ಅಂತ ನಾನು ಹೇಳ್ತಿಲ್ಲ, ಖಂಡಿತಾ ಅಲ್ಲ. ಕಾಡಂಚಿನ ಬದುಕಿಗೆ ನಿಮ್ಮ ಲೆಕ್ಕದಲ್ಲಿ ಬೆಲೆಯೇ ಇಲ್ಲದಿದ್ದರೆ, ಅಲ್ಲಿನವರು ನಿಮ್ಮ ಮಾತು ಯಾಕೆ ಕೇಳಬೇಕು?

ಹಾಗಾಗಿ ರೈತನಿಗೆ ಕಿಟ್ ಹುಡುಕೋದು ಬಿಡಿ. ಹಂದಿ ಈಗ ವನ್ಯಜೀವಿ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡೋ ಅಂಥ ಪ್ರಾಣಿಯನ್ನು ಹೊಡೆಯೋಕೆ ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ವಾರ್ಡನ್ನರಿಗೆ 11ನೇ ಕಲಮಿನಲ್ಲೇ ಇದೆ. ಕೇಳಬೇಕಾದದ್ದು ಇಷ್ಟು: ಬೆಳೆ ರಕ್ಷಣೆ ಅರ್ಜಿಗೆ ತಿಂಗಳ ಗಡುವು, ಕೊಟ್ಟವನಿಗೆ ತರಬೇತಿ, ಕಾರ್ಖಾನೆಯ ತೋಟೆ, ಪ್ರತೀ ಈಡಿಗೂ ಲೆಕ್ಕ. ಹಳಿ ಬೇಲಿಯ ಕೆಳಗೆ ಹಂದಿ ನುಸುಳದಂಥ ಜಾಲರಿ. ಯಾರಾದ್ರೂ ಬ್ಲಾಗಿಗ ಮಿತ್ರರು ಇದನ್ನು ಮನವಿಯಾಗಿ ಬರೆಯೋಕೆ ಕೈ ಜೋಡಿಸ್ತೀರಾದ್ರೆ ಹೇಳಿ, ಕೋಟೆ ಕಡೆಯ ಸಹಿ ಸಂಗ್ರಹ ನನ್ನ ಪಾಲಿಗಿರಲಿ.